ನೂಲಿನ ಚೆಂಡು

ಅಕ್ಕಿ ಗಿರಣಿಯ ಹೊಟ್ಟು ಎರಡು ಹಿಡಿ,
ಹರಿದ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿದೆ.
ಗಂಟಿಗೂ ಮೊದಲು ಒಂದು ಬೆಂಕಿಪೊಟ್ಟಣ,
ಅದರಲ್ಲಿ ಏನೋ. ಹೇಳುವುದಿಲ್ಲ.

ಈಗ ನೂಲು.
ಸುತ್ತುತ್ತ ಸುತ್ತುತ್ತ ಚೆಂಡನ್ನು ತಿರುಗಿಸುತ್ತಿರಬೇಕು,
ಹೋದ ದಾರಿಯಲ್ಲೇ ಮತ್ತೆ ಹೋಗಬಾರದು:
ಸೀಮಾಬಾನು ತಂದ ಜಪಾನಿನ ಪುಸ್ತಕದ ಚಿತ್ರ
ಅಷ್ಟು ಹೇಳುತ್ತದೆ.
ಉಳಿದದ್ದನ್ನು ಬೆರಳುಗಳು ಬಲ್ಲವು.
ಮಿಲ್ಲಿನ ವೈಂಡಿಂಗ್ ಖಾತೆಯಲ್ಲಿ ಹನ್ನೊಂದು ವರ್ಷ
ಕಡಿದ ಎಳೆಗೆ ಕಣ್ಣು ಮುಚ್ಚಿ ಗಂಟಿಟ್ಟವು.
ಅಲ್ಲಿ ಸುತ್ತಿದ್ದೆಲ್ಲ ಗೇಟು ದಾಟಿ ಹೋಯಿತು.
ಪಾಳಿ ಮುಗಿಸಿ ಹೊರಡುವಾಗ ಸೆರಗು ತಡವಿ ನೋಡುತ್ತಿದ್ದರು,
ಒಂದು ಗೇಣು ನೂಲೂ ಮನೆಗೆ ಬರದ ಹಾಗೆ.

ಕಾಗದದ ಪಟ್ಟಿ ಮಡಿಚಿ ಎಂಟು ಪಾಲು,
ನೆತ್ತಿಗೊಂದು ಗುಂಡುಸೂಜಿ, ಬುಡಕ್ಕೊಂದು,
ನಡುವಿಗೆ ಉಡಿದಾರ.
ಹಸಿರು, ಕುಂಕುಮ,
ಬಾಷಾ ನಗರದ ದರ್ಜಿ ಕೊಟ್ಟ ಮಿಂಚಿನ ಎಳೆ.
ಸೇವಂತಿಗೆ ಅರಳಬೇಕಿತ್ತು;
ಏಳನೆಯ ಎಸಳು ವಾರೆಯಾಯಿತು. ಬಿಚ್ಚಲಿಲ್ಲ.

ಮೊಮ್ಮಗಳು ಕಿವಿಗೆ ಹಿಡಿದು ಅಲ್ಲಾಡಿಸುತ್ತಾಳೆ.
"ಅಜ್ಜಿ, ಒಳಗೇನೈತಿ?"

ಹಿತ್ತಾಳೆ ಬಿಲ್ಲೆ. ನಂಬರು ಇನ್ನೂರ ಆರು.
ಮಿಲ್ಲು ಬಾಗಿಲು ಹಾಕಿದ ದಿನ
ವಾಪಸು ಕೊಡಲಿಲ್ಲ.

"ಮಂಡಕ್ಕಿ," ಅಂದೆ.