ನೊರೆ ನಿಲ್ಲುವವರೆಗೆ

ತುನುಪಾ ಬೆಟ್ಟದ ನೆರಳು
ಉಪ್ಪಿನ ಬಯಲಿಗೆ ಚಾಚುವ ಮುಂಚೆ
ಸೆವೆರಿನಾ ಕಾಯೋ ಕಲ್ಲಿನ ಗುಳಿಗೆ ಇಳಿಯುತ್ತಾಳೆ.
ಹುರಿದ ಕಿನೋವಾ, ಬಿಸಿ ಆರಿಲ್ಲ ಇನ್ನೂ,
ಮೇಲೆ ಒಂದು ಹಿಡಿ ಬಿಳಿ ಜೇಡಿ.
ಹಿಮ್ಮಡಿ ಒತ್ತಿ, ಸೊಂಟ ತಿರುವಿ,
ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ.
ದೂರದಿಂದ ನೋಡಿದವರಿಗೆ ಕುಣಿತ ಅನಿಸೀತು.
ಸಾಸಿವೆಯಷ್ಟು ಕಾಳಿನ ಮೈಯಿಂದ
ಕಹಿಯನ್ನು ಸುಲಿಯುತ್ತಿದ್ದಾಳೆ.

ಆಮೇಲೆ ತೂರಿ, ತೊಟ್ಟಿಗೆ ಸುರಿದು, ನೀರು.

ನಾನು ಪಕ್ಕದಲ್ಲಿ, ಓರೂರೋದಿಂದ ತಂದ
ಗಾಜಿನ ಶೀಸೆ ಹಿಡಿದು,
ಚೀಟಿಯ ಮೇಲೆ ದಿನಾಂಕ ಬರೆದು.
ನನಗೆ ಕಾಳು ಬೇಡ ಚಿಕ್ಕಮ್ಮ,
ನೀನು ಚೆಲ್ಲುವ ನೀರು ಕೊಡು.

ನಕ್ಕಳು. ಮುಂದಿನ ಎರಡು ಹಲ್ಲಿಲ್ಲ.
"ಎಷ್ಟನೆಯ ನೀರು?"

ನನ್ನ ಪುಸ್ತಕದಲ್ಲಿ ಆ ಕಾಲಮ್ಮೇ ಇರಲಿಲ್ಲ.

ಮೊದಲನೆಯದು ಲಾಮಾಕ್ಕೆ, ಕಜ್ಜಿ ಹತ್ತಿದ ಕುತ್ತಿಗೆಗೆ.
ಎರಡನೆಯದು ಉಣ್ಣೆಗೆ, ಕಂಬಳಿಗೆ,
ಅವ್ವ ಇದ್ದಾಗ ನಮ್ಮೆಲ್ಲರ ತಲೆಗೆ,
ಕಣ್ಣಿಗೆ ಹೋದರೆ ಸಂಜೆವರೆಗೂ ಉರಿ.
ಮೂರನೆಯದು ಹಿಮ್ಮಡಿಯ ಬಿರುಕಿಗೆ.
ನಾಲ್ಕನೆಯದು... ಇರು, ಅಂದು
ಬೆರಳದ್ದಿ ನಾಲಗೆಗೆ ಮುಟ್ಟಿಸಿ ಮೂತಿ ಸೊಟ್ಟ ಮಾಡಿ
"ಇನ್ನೂ ಇದೆ" ಎಂದು ಬಗ್ಗಿದಳು.
ನೊರೆ ನಿಲ್ಲುವವರೆಗೆ ಲೆಕ್ಕ ಮುಗಿಯುವುದಿಲ್ಲ.

ಸಪೋನಿನ್ ಅನ್ನುತ್ತೇವೆ ನಾವು, ಎಂದೆ.
ಅದರ ಒಂದು ತುದಿಗೆ ನೀರು ಬೇಕು,
ಇನ್ನೊಂದಕ್ಕೆ ಜಿಡ್ಡು.
ನಡುವೆ ಸಿಕ್ಕವರ ಗೋಡೆ ಒಡೆಯುತ್ತದೆ:
ಬೂಷ್ಟಿನದು, ಮೀನಿನ ಕಿವಿರಿನದು,
ಬರಿ ನೆತ್ತರಿಗೆ ಬೆರೆಸಿದರೆ ಕೆಂಪು ಕಣದ್ದೂ.
ಮದ್ದು ಯಾವಾಗ, ವಿಷ ಯಾವಾಗ
ಅದಕ್ಕೇ ತಿಳಿಯದು.

"ಹಕ್ಕಿಗೆ ತಿಳಿದಿದೆ. ಕೊಕ್ಕಿಟ್ಟು ಉಗಿದು ಹೋಗುತ್ತೆ.
ಸಿಹಿ ಬೀಜ ಬಿತ್ತಿದ ಮೆಲಿತೋನನಿಗೂ ತಿಳಿದಿದೆ,
ಹೋದ ವರ್ಷ ಅವನ ಹೊಲದಲ್ಲಿ
ಬರಿ ಕಡ್ಡಿ ಉಳಿದವು."

ಅವಳ ತಮ್ಮ ಕುಶಿ ಕತ್ತೆಯ ಮೇಲಿಂದ ಬಿದ್ದಾಗ
ಕಪ್ಪು ಕಿನೋವಾ ಅರೆದು ಮುಂಗೈಗೆ ಕಟ್ಟಿದರಂತೆ.
ಮೂಳೆ ಕೂಡಿತು.
ಸೊಟ್ಟಗೆ ಕೂಡಿತು, ಅದನ್ನೂ ಬರಿ, ಅಂದಳು.

ಬರೆದೆ. ನಮ್ಮ ತಟ್ಟೆಯಲ್ಲಿ ಬೂಷ್ಟು ಸತ್ತದ್ದು ನಿಜ,
ಮನುಷ್ಯರ ವಿಷಯ ಇನ್ನೂ ಗೊತ್ತಿಲ್ಲ, ಎಂದೆ.
ಕಾಲೊರೆಸಿಕೊಳ್ಳುತ್ತ ನನ್ನನ್ನು ನೋಡಿದಳು,
ಬೆಂದಿದೆಯೋ ಇಲ್ಲವೋ ಎಂದು
ಅಗುಳು ಹಿಚುಕಿ ನೋಡುವ ಹಾಗೆ.
ಅವಳ ಅಂಗಾಲು ಮಾತ್ರ
ಹಸುಗೂಸಿನ ಕೆನ್ನೆಯಷ್ಟು ನುಣುಪು.
ಅದಕ್ಕೆ ನನ್ನ ಬಳಿ ಅಳತೆ ಇಲ್ಲ.

ಚಲ್ಲಾಪಾತಾದ ತನಕ ರಸ್ತೆ ಕೆಟ್ಟಿತ್ತು.
ಮಡಿಲಲ್ಲಿ ಶೀಸೆ ಕುಲುಕಿ ಕುಲುಕಿ
ಕುತ್ತಿಗೆಮಟ್ಟ ನೊರೆ.
"ಬಿಯರಾ?" ಪಕ್ಕದ ಮುದುಕ ಕೇಳಿದ.
ಅಲ್ಲ ತಾತ, ಕಿನೋವಾ ತೊಳೆದದ್ದು, ಎರಡನೆಯ ನೀರು.

"ಓ" ಎಂದು ಟೊಪ್ಪಿ ತೆಗೆದ.
ಬಿಸಿಲಿಗೆ ಫಳಫಳ ಹೊಳೆವ ಬೋಳು.
"ನಮ್ಮವ್ವನಿಗೆ ಆತುರ ಜಾಸ್ತಿ,
ಮೊದಲನೆಯದರಲ್ಲೇ ತೊಳೆದುಬಿಡುತ್ತಿದ್ದಳು."