ಮೂರು ಮಿಲಿಮೀಟರು ದುಂಡು

ಬಿಲ್ಲಿನಲ್ಲಿ ಏನೆಂದು ಬರೆಯಲಿ ಅಂದೆ.
'ಪಂಪಿನ ಸಾಮಾನು ಅಂತ ಬರಿ ತಂಗಿ,
ವಿಮಾನ ಅಂದರೆ ನಿನ್ನ ಆಡಿಟರು ನಗ್ತಾನೆ'
ಅಂದರು ಗುತ್ಯಪ್ಪ,
ಸಾಗರ ಡಿಪೋದಲ್ಲಿ ಮೂವತ್ತೊಂದು ವರ್ಷ
ಬಸ್ಸಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ
ಆಕಾಶ ಇರಬೇಕಾದಲ್ಲಿ ಆಕ್ಸಲ್ಲು ನೋಡಿದವರು.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸು, ಹಿಂದಿನ ಸಾಲು,
ಕಾಳಾಚಾರ್ ಲೇತ್ ವರ್ಕ್ಸ್.
ಬೋರ್ಡಿನಲ್ಲಿ ಅಪ್ಪ, ಲೇತಿನ ಮುಂದೆ ನಾನು.
ಟ್ರ್ಯಾಕ್ಟರಿನ ಪಿನ್ನು, ಟಿಲ್ಲರಿನ ಬುಷ್ಷು, ಗಾಣದ ಹಲ್ಲು.
ಹಾಳಾದರೆ ವಾಪಸು ತನ್ನಿ ಎಂದು
ಬಿಲ್ಲಿನ ಬುಡದಲ್ಲೇ ಅಚ್ಚು ಹಾಕಿಸಿದವಳು.

ಆಯನೂರಿನ ಆಚೆ, ನಿಂತುಹೋದ ಅಕ್ಕಿ ಗಿರಣಿಯೊಳಗೆ
ಅದು ಕೂತಿತ್ತು: ಬಟ್ಟೆಯ ರೆಕ್ಕೆ, ಒಂಟಿ ಸೀಟು,
ಮೂತಿ ಮಾತ್ರ ಇಲ್ಲ.
ಹೊರದೇಶದ ಎಂಜಿನ್ನಿಗೆ ಹೇಳಿದ ಬೆಲೆಗೆ
ಗಿರಣಿಯನ್ನೇ ಕೊಳ್ಳಬಹುದಿತ್ತು.
ಹಾಗಾಗಿ ಭದ್ರಾವತಿಯ ಬೇಕರಿಯೊಂದರ ಓಮ್ನಿ,
ಗುಜರಿಗೆ ಹೊರಟದ್ದನ್ನು ದಾರಿಯಲ್ಲಿ ತಡೆದದ್ದು.
ಮೂರು ಸಿಲಿಂಡರು. ಹದಿನಾಲ್ಕು ವರ್ಷ ಬನ್ನು ಹೊತ್ತದ್ದು.

ಗೇರ್‌ಬಾಕ್ಸು ಕಳಚಿದೆವು. ಫ್ಲೈವೀಲು ಸವರಿದೆವು.
ಗುಜರಿಯವನ ತಕ್ಕಡಿಯಲ್ಲೇ ತೂಗಿ
ಒಂದೊಂದು ಕ್ಲಾಂಪಿಗೂ ಜಗಳವಾಡಿದೆವು.
ಆದರೂ ಹನ್ನೊಂದು ಕಿಲೋ ಹೆಚ್ಚು.
ಬ್ಯಾಟರಿ ಸೀಟಿನ ಹಿಂದಕ್ಕೆ ಹೋಯಿತು,
ಗುತ್ಯಪ್ಪ ರಾತ್ರಿಯ ಅನ್ನ ಬಿಟ್ಟರು.

ರಸ್ತೆಗೆ ಕರುಣೆ ಇದೆ, ಅನ್ನುತ್ತಿದ್ದರು.
ಹಂಪಿನಲ್ಲಿ ಎಂಜಿನ್ನು ಉಸಿರು ಬಿಡಬಹುದು,
ಇಳಿಜಾರಿನಲ್ಲಿ ಮೈಮರೆಯಬಹುದು,
ಕೆಟ್ಟರೆ ನಾಲ್ಕು ಜನ ಪಕ್ಕಕ್ಕೆ ನೂಕುತ್ತಾರೆ.
ಮೇಲೆ, ಪಕ್ಕ ಅನ್ನುವುದೇ ಇಲ್ಲ.

ಕೆಳಗೊಂದು ಚಕ್ರ, ಮೇಲೊಂದು, ನಡುವೆ ಹಲ್ಲಿನ ಬೆಲ್ಟು;
ಕೆಳಗೆ ಎರಡು ಸುತ್ತಾದರೆ ಮೇಲೆ ಒಂದು.
ಆ ಒಂದು ಸುತ್ತಿನ ತುದಿಗೆ ಮರದ ಪಂಖ,
ಪಂಖದ ಬೆನ್ನಿಗೆ ನನ್ನ ಹಬ್ಬು:
ಆರು ಬೋಲ್ಟು, ಒಳಗೊಂದು ಮೆಟ್ಟಿಲು,
ಮೆಟ್ಟಿಲಿನ ಮೂಲೆ ಬ್ಲೇಡಿನಷ್ಟು ಚೊಕ್ಕ.
ಅಪ್ಪ ಇದ್ದಿದ್ದರೆ ಬೆರಳಾಡಿಸಿ
'ಹೂಂ' ಅನ್ನುತ್ತಿದ್ದ.

ಬಾಲಕ್ಕೆ ಹಗ್ಗ, ಹಗ್ಗಕ್ಕೆ ಮತ್ತಿಮರ.
ಕಟ್ಟಿದಲ್ಲೇ ಐವತ್ತು ಗಂಟೆ ಓಡಬೇಕು,
ಸರ್ಕಾರದ ಕಾಗದ ಆಮೇಲಿನ ಮಾತು.
ಭಾನುವಾರಕ್ಕೊಂದು ಗಂಟೆ.
ಕೊಯ್ದ ಗದ್ದೆಯ ಹುಲ್ಲು ಹಿಂದಕ್ಕೆ ಹಾರುತ್ತಿತ್ತು.
ಸೋಗಾನೆಗೆ ಇಳಿಯುವ ದೊಡ್ಡ ವಿಮಾನ
ನೆತ್ತಿಯ ಮೇಲೆಯೇ ಹಾದುಹೋಯಿತಂತೆ,
ದನ ಕಾಯುವ ಹುಡುಗ ಹೇಳಿದ. ನಾವು ನೋಡಲಿಲ್ಲ.

ಒಂಬತ್ತು ಗಂಟೆ ಮುಗಿದ ದಿನ
ಸದ್ದಿನಲ್ಲಿ ಏನೂ ತಪ್ಪಿರಲಿಲ್ಲ.
ಸುಮ್ಮನೆ ಬಿಚ್ಚಿದೆ.
ಸೀಮೆಎಣ್ಣೆ ಸವರಿ, ಒರೆಸಿ,
ಬಳಪದ ಪುಡಿ ಉದುರಿಸಿ ಕಾದೆ.
ಗುತ್ಯಪ್ಪನವರ ತುಟಿಯಲ್ಲಿ ಹಚ್ಚದ ಬೀಡಿ.
ಮೂಲೆಯಲ್ಲಿ, ಬಿಳಿಯ ಮೇಲೆ ಒದ್ದೆಯಾಗಿ,
ಒಂದು ಕೂದಲು.
ಒರೆಸಿದೆ.
ಮತ್ತೆ ಬಂತು.

ಅವರು ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು.
'ಉಕ್ಕಿನ ದೋಷ ಇರ್ಬೇಕು ಬಿಡು.'
ಅಲ್ಲ. ಮೂಲೆ ನನ್ನದು.
ಎಳೆತವೆಲ್ಲ ಬಂದು ಅಲ್ಲೇ ಜೋತುಬಿದ್ದಿದೆ,
ಬಸ್ಸಿನ ಬಾಗಿಲಲ್ಲಿ ಜನ ಜೋತುಬಿದ್ದ ಹಾಗೆ;
ಒಳಗೆ ಸರಿಯಲು ದಾರಿ ಕೊಡದ್ದು
ನನ್ನ ಚೊಕ್ಕತನ.
ಆ ರಾತ್ರಿ ತಾಲೂಕಿನ ಟ್ರ್ಯಾಕ್ಟರುಗಳೆಲ್ಲ
ಒಂದೊಂದಾಗಿ ನೆನಪಾದವು.

ಟೂಲಿನ ತುದಿಯನ್ನು ಗ್ರೈಂಡರಿಗೆ ಹಿಡಿದು
ಬೇಕೆಂದೇ ಮೊಂಡು ಮಾಡಿದೆ.
ಮೂರು ಮಿಲಿಮೀಟರು ದುಂಡು.
ನೋಡಿದರೆ ಅರ್ಧಕ್ಕೆ ಬಿಟ್ಟ ಕೆಲಸ,
ಯಾರೋ ನೆಕ್ಕಿದ ಬೆಲ್ಲದ ಅಂಚು.

ದುಡ್ಡು ಮುಟ್ಟಲಿಲ್ಲ, ಬಿಲ್ಲು ಮಾತ್ರ ಬರೆದೆ:
ವಿಮಾನದ ಹಬ್ಬು, ಒಂದು.
ಆಡಿಟರು ನಗಲಿ.
ಬುಡದ ಆ ಅಚ್ಚಿನ ಸಾಲಿನ ಮೇಲೆ
ಪೆನ್ನಿನಿಂದ ಗೀಟು ಎಳೆದೆ.

ಭಾನುವಾರ ಮತ್ತೆ ಹಗ್ಗ, ಅದೇ ಮತ್ತಿಮರ.
ಹಳೆಯ ಒಂಬತ್ತು ಗಂಟೆಯನ್ನು
ಗೋಡೆಯ ಮೇಲಿಂದ ಅವರೇ ಅಳಿಸಿದ್ದರು.
'ಎಷ್ಟಾಯ್ತೇ?' ಸದ್ದಿನ ಆಚೆಯಿಂದ ಕೂಗಿದರು.
ಗ್ರೀಸಿನ ಹತ್ತೂ ಬೆರಳು
ಎತ್ತಿ ತೋರಿಸಿದೆ:
ಹತ್ತು ನಿಮಿಷ.