ನದಿಗಳು ಕಟ್ಟಿದ ತೆರಿಗೆ

ದುರ್ಗಿಗುಡಿಯ ಔಷಧಿ ಅಂಗಡಿಯಲ್ಲಿ
ಬಿಲ್ಲು ಬರೆಯುವುದು ನನ್ನ ಕೆಲಸ.
ಒಂದು ಬಿಲ್ಲಿಗೆ ಮೂರು ಹಾಳೆ, ನಡುವೆ ಕಾರ್ಬನ್ನು:
ಬಿಳಿ ಗಿರಾಕಿಗೆ, ಗುಲಾಬಿ ಅಂಗಡಿಗೆ,
ಹಳದಿ, ತೆರಿಗೆ ಕಚೇರಿಯವರು ಕೇಳಿದಾಗ ತೋರಿಸಲಿಕ್ಕೆ.
ಒತ್ತಿ ಬರೆಯಬೇಕು. ಮೂರನೆಯ ಹಾಳೆಗೆ
ಮನುಷ್ಯರ ಹೆಸರು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ.

ಅವಳು ಬರುತ್ತಿದ್ದದ್ದು ತಿಂಗಳ ಎರಡನೇ ಮಂಗಳವಾರ,
ಶಿಕಾರಿಪುರದ ಬಸ್ಸಿನಲ್ಲಿ.
ಅಲ್ಲಿ ಔಷಧಿ ಅಂಗಡಿ ಇರಲಿಲ್ಲವೆಂದಲ್ಲ,
ಅಲ್ಲಿಯ ಅಂಗಡಿಯವನಿಗೆ ಅವಳ ಅತ್ತೆಯ ಪರಿಚಯವಿತ್ತು.
ಚೀಟಿ ನೀಡುವಳು, ಮಡಿಕೆ ಬಿಚ್ಚದೆ.
ಪ್ರಭುಗಳು ಗ್ರೈಪ್ ವಾಟರ್ ಸಾಲಿನ ಹಿಂದೆ ಕೈ ಹಾಕಿ
ಡಬ್ಬಿ ತೆಗೆದು, ರೇಟು ಹೇಳಿ,
ಬೇರೆ ಗಿರಾಕಿಯ ಕಡೆ ತಿರುಗುವರು.
ಎಚ್‌ಐವಿ ಎಂದು ಆ ಅಂಗಡಿಯಲ್ಲಿ ಯಾರೂ ಆಡಿದ್ದಿಲ್ಲ;
'ಆ ಮಾತ್ರೆ' ಎಂದರೆ ತಿಳಿಯುತ್ತಿತ್ತು.

ಬಿಲ್ಲಿಗೆ ಹೆಸರು?
ಮೊದಲ ಸಲ ತಡವರಿಸಿ ಹೊರಗೆ ನೋಡಿದಳು.
ನಿಂತಿದ್ದ ಬಸ್ಸಿನ ಹಣೆಯ ಮೇಲೆ ಏನು ಬರೆದಿತ್ತೋ,
'ತುಂಗಾ' ಎಂದಳು.
ಮುಂದಿನ ತಿಂಗಳು ಭದ್ರಾ.
ಆಮೇಲೆ ಕುಮುದ್ವತಿ, ವರದಾ,
ಒಮ್ಮೆ ನಗು ತಡೆಯದೆ, ಶರಾವತಿ.
ನಾನು ನಗಲಿಲ್ಲ, ಒತ್ತಿ ಬರೆದೆ.

ಮಾತ್ರೆ: ಸಾವಿರದ ನಾನೂರು.
ಅದರ ಕೆಳಗೆ ಒಂದು ಗೆರೆ.
ಗೆರೆಯ ಕೆಳಗೆ ಮಾರಾಟ ತೆರಿಗೆ, ನೂರಕ್ಕೆ ನಾಲ್ಕು,
ಐವತ್ತಾರು.
ಐವತ್ತಾರೆಂದರೆ ಆಗ
ಶಿಕಾರಿಪುರಕ್ಕೆ ಹೋಗಿ ಬರುವ ಚಾರ್ಜು, ಮೇಲೊಂದು ಲೋಟ ಚಾ.
ಅವಳಿಗಿಂತ ಮುಂಚಿನ ಬಿಲ್ಲು ಕೂದಲ ಬಣ್ಣದ್ದು.
ಅದಕ್ಕೂ ಗೆರೆ, ಇದಕ್ಕೂ ಗೆರೆ; ಸ್ಕೇಲು ಒಂದೇ.
"ಮಾರಾಟ ಅವರದ್ದು, ತೆರಿಗೆ ನನ್ನದಾ?" ಎಂದು ಕೇಳಿದಳು ಒಮ್ಮೆ.
ಬಿ.ಕಾಂ. ಓದಿದವನು, ಉತ್ತರ ಗೊತ್ತಿತ್ತು.
ಹೇಳಲು ಬಾಯಿ ಬರಲಿಲ್ಲ.

ಕೌಂಟರಿನ ತುದಿಯಲ್ಲೇ ಡಬ್ಬಿಯ ಲೇಬಲ್ಲು ಉಗುರಲ್ಲಿ ಕೆರೆದು
ಮಾತ್ರೆಗಳನ್ನು ಜೀರಿಗೆ ಡಬ್ಬಿಗೆ ಸುರಿದುಕೊಳ್ಳುವಳು.
ಬಿಳಿ ಹಾಳೆ ನನಗೇ ಬಿಟ್ಟುಹೋಗುವಳು.
ನನ್ನ ಡ್ರಾಯರಿನಲ್ಲಿ ಹೊಳೆಗಳು ಕೂಡಿಕೊಂಡವು.
ಒಂದು ತಿಂಗಳು ಅರ್ಧ ಡಬ್ಬಿ ಕೇಳಿದಳು.
ಸೀಲು ಒಡೆದು ಕೊಡುವಂತಿಲ್ಲ ಎಂದರು ಪ್ರಭುಗಳು;
ಎಂದವರೇ ಒಡೆದು ಕೊಟ್ಟರು.

ಮಾರ್ಚ್‌ನಲ್ಲಿ ಲೆಕ್ಕ ನೋಡಲು ಇನ್ಸ್‌ಪೆಕ್ಟರ್ ಬಂದರು.
ಹಳದಿ ಹಾಳೆಗಳ ಮೇಲೆ ಬೆರಳು ನಿಂತಿತು.
"ನದಿಗೆ ಕಟ್ಟೆ ಕಟ್ಟೋದು ಕೇಳಿದೀನಿ,
ನದಿ ತೆರಿಗೆ ಕಟ್ಟೋದು ಇಲ್ಲೇ ನೋಡಿದ್ದು" ಅಂದರು.
ನಾನು ಮಾತ್ರೆಯ ಹೆಸರಿನ ಮೇಲೆ ಪೆನ್ನಿಟ್ಟು ತೋರಿಸಿದೆ.
ಓದಿದರು. ಕನ್ನಡಕ ತೆಗೆದು ಒರೆಸಿದರು.
ಹಾಳೆ ಮಗುಚಿದರು.
ಚಾ ಬೇಡವೆಂದರು, ಮೊದಲ ಬಾರಿಗೆ.

ಸುತ್ತೋಲೆ ಬಂದದ್ದು ಅವರಿಂದಲ್ಲ.
ಎಲ್ಲೆಲ್ಲೋ ಯಾರು ಯಾರೋ ಅರ್ಜಿ ಹಾಕಿ, ಕೂಗಿ, ಕಾದು,
ಕೆಲವರು ಕಾಯಲಾಗದೆ ತೀರಿಹೋಗಿ,
ಬಂತು. ಒಂದೂವರೆ ಸಾಲು:
ಈ ಔಷಧಿಗಳಿಗೆ ಇನ್ನು ಮಾರಾಟ ತೆರಿಗೆ ಇಲ್ಲ.

ಎರಡನೇ ಮಂಗಳವಾರ. ಗೆರೆ ಎಳೆದೆ, ಅಭ್ಯಾಸಬಲ.
ಗೆರೆಯ ಕೆಳಗೆ ಸೊನ್ನೆ.
"ನೀವು ಮರೆತಿರಿ."
ಮರೆತಿಲ್ಲಮ್ಮ, ತೆಗೆದರು.
"ಹಾಗಾದರೆ ಇಷ್ಟು ದಿನದ್ದು?"
ನಾನು ಕಾರ್ಬನ್ನು ಸರಿಮಾಡುತ್ತ ಕೂತೆ.
ಐವತ್ತಾರು ರೂಪಾಯಿ ಎಣಿಸಿ
ಸೆರಗಿನಲ್ಲಿ ಬೇರೆಯೇ ಗಂಟು ಕಟ್ಟಿದಳು.

ಮರುತಿಂಗಳು ಇಬ್ಬರು ಬಂದರು.
ಇನ್ನೊಬ್ಬಳು ಚಿಕ್ಕವಳು, ಹವಾಯಿ ಚಪ್ಪಲಿ,
ಕೌಂಟರಿನಿಂದ ಒಂದು ಮಾರು ದೂರ ನಿಂತವಳು.
"ಬಸ್ಸಿಗಿಲ್ಲ ಅಂತ ಮನೇಲೇ ಕೂತಿದ್ಲು.
ಮಾತ್ರೆಗೆ ಸಂಘದ ಸಾಲ, ಚಾರ್ಜು ನಂದು.
ಮೆಗ್ಗಾನ್‌ನಲ್ಲಿ ತೋರಿಸ್ಕೊಂಡೇ ಬಂದಿದೀವಿ."

ಬಿಲ್ಲಿಗೆ ಹೆಸರು?
ಚಿಕ್ಕವಳು ಬಾಯಿ ತೆರೆಯಲಿಲ್ಲ.
"ಹೇಳೇ," ಎಂದಳು ಇವಳು, "ಹೊಳೆ ಇನ್ನೂ ಸುಮಾರು ಉಳಿದಾವೆ."
ಪೆನ್ನು ಒತ್ತಿ ಹಿಡಿದು ಕಾದೆ.
"ದಂಡಾವತಿ" ಎಂದಿತು, ಕೊನೆಗೆ, ಒಂದು ದನಿ.
ಸೊರಬದ ಕಡೆಯ ಸಣ್ಣ ಹೊಳೆ;
ಬೇಸಿಗೆಯಲ್ಲಿ ದಾಟುವವರು ಪಂಚೆ ಎತ್ತಬೇಕಿಲ್ಲ.
ಬರೆದೆ, ಮೂರೂ ಹಾಳೆಗೆ ಇಳಿಯುವಂತೆ.